ಮುಕ್ಕಾಲು ಟನ್ ಪಿಕಪ್ಪು, 12,500 ಪೌಂಡಿನ ಫಿಫ್ತ್ ವೀಲ್: ಬ್ರೋಷರ್ ಒಪ್ಪಿತು, ತೂಕದ ಚೀಟಿ ಒಪ್ಪಲಿಲ್ಲ

ಅಮೆರಿಕದಲ್ಲಿ ಫಿಫ್ತ್ ವೀಲ್ ಟ್ರೇಲರ್ (ಮೂಗನ್ನು ಪಿಕಪ್ಪಿನ ಬೆನ್ನ ಮೇಲಿನ ಕೊಂಡಿಗೆ, ಅಂದರೆ ಹಿಚ್ಚಿಗೆ, ಸಿಕ್ಕಿಸಿ ಎಳೆಯುವ ಮನೆಗಾಡಿ) ಕೊಳ್ಳಲು ಹೋದರೆ ಡೀಲರ್ ಮೊದಲು ತೋರಿಸುವ ಸಂಖ್ಯೆ ಟೋ ರೇಟಿಂಗ್. ‘ನಿಮ್ಮ ಟ್ರಕ್ಕು 15,000 ಪೌಂಡ್ ಎಳೆಯುತ್ತದೆ, ಟ್ರೇಲರ್ ಇರೋದು 12,500, ಏನೂ ಯೋಚನೆ ಬೇಡ’ ಅಂತ. ಆ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅದು ಎಳೆಯುವ ಲೆಕ್ಕ. ಫಿಫ್ತ್ ವೀಲ್ ತನ್ನ ಐದನೇ ಒಂದು ಭಾಗದಷ್ಟು ತೂಕವನ್ನು ಟ್ರಕ್ಕಿನ ಬೆನ್ನ ಮೇಲೆ ಹೇರುತ್ತದೆ. ಎಳೆಯುವ ಶಕ್ತಿ ಇನ್ನೂ ಸಾಕಷ್ಟು ಉಳಿದಿರುವಾಗಲೇ ಹೊರುವ ಶಕ್ತಿ ಮುಗಿದಿರುತ್ತದೆ. ಹಾಗೆ ಮುಗಿದ ಒಂದು ಜೋಡಿಯ ಲೆಕ್ಕವನ್ನು ಇಲ್ಲಿ ಉದಾಹರಣೆಯಾಗಿ ಮೊದಲಿಂದ ಕೊನೆಯವರೆಗೆ ಬಿಡಿಸಿದೆ.

ಟ್ರಕ್ಕು: ಮುಕ್ಕಾಲು ಟನ್ ವರ್ಗದ (ಇದು ವರ್ಗದ ಹೆಸರಷ್ಟೇ, ಹೊರುವ ಮಿತಿಯಲ್ಲ) ಡೀಸೆಲ್, ನಾಲ್ಕು ಬಾಗಿಲಿನ ಕ್ರೂ ಕ್ಯಾಬ್, ಫೋರ್ ವೀಲ್ ಡ್ರೈವ್, ಆರೂವರೆ ಅಡಿ ಬೆಡ್, ಅಂದರೆ ಹಿಂದಿನ ಸಾಮಾನಿನ ತೊಟ್ಟಿ. ಟ್ರೇಲರ್: ಎರಡು ಆಕ್ಸಲ್, ಕಿಂಗ್‌ಪಿನ್‌ನಿಂದ (ಟ್ರೇಲರಿನ ಮೂಗಿನಡಿ ಇದ್ದು ಹಿಚ್ಚಿನೊಳಗೆ ಕೂರುವ ಗೂಟ, ಮುಂದೆ ಬರೀ ಪಿನ್) ಆಕ್ಸಲ್‌ಗಳ ನಡುಮಧ್ಯಕ್ಕೆ 22 ಅಡಿ. ತೂಕವೆಲ್ಲ ಪೌಂಡಿನಲ್ಲೇ ಇದೆ, ಅಲ್ಲಿಯ ಸ್ಟಿಕ್ಕರ್, ಸ್ಕೇಲು, ಟೈರು ಎಲ್ಲವೂ ಪೌಂಡಿನಲ್ಲೇ ಮಾತಾಡುವುದರಿಂದ. ಕಿಲೋ ಬೇಕಾದವರು 2.2ರಿಂದ ಭಾಗಿಸಿಕೊಳ್ಳಿ.

ಸ್ಟಿಕ್ಕರ್‌ಗಳು

ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಎರಡು ಸ್ಟಿಕ್ಕರ್ ಕಾಣುತ್ತವೆ. ಒಂದು ಸರ್ಟಿಫಿಕೇಶನ್ ಲೇಬಲ್. ಅದರಲ್ಲಿ ಜಿವಿಡಬ್ಲ್ಯೂಆರ್, ಅಂದರೆ ಟ್ರಕ್ಕು, ಅದರೊಳಗಿನ ಜನ, ಸಾಮಾನು, ಪಿನ್ ತೂಕ (ಪಿನ್ ಮೂಲಕ ಟ್ರಕ್ಕಿನ ಮೇಲೆ ಬೀಳುವ ಟ್ರೇಲರಿನ ಪಾಲು) ಎಲ್ಲ ಸೇರಿ ಮೀರಬಾರದ ಮಿತಿ. ಮತ್ತು ಜಿಎಡಬ್ಲ್ಯೂಆರ್, ಅಂದರೆ ಮುಂದಿನ, ಹಿಂದಿನ ಆಕ್ಸಲ್‌ಗಳ ಬೇರೆ ಬೇರೆ ಮಿತಿ. ಇನ್ನೊಂದು ಹಳದಿ-ಬಿಳಿ ಟೈರ್ ಸ್ಟಿಕ್ಕರ್. ‘ಜನ ಮತ್ತು ಸಾಮಾನಿನ ಒಟ್ಟು ತೂಕ ಇಷ್ಟನ್ನು ಮೀರಬಾರದು’ ಎಂಬ ಸಾಲು ಅದರಲ್ಲಿರುತ್ತದೆ. ಅದೇ ಆ ಟ್ರಕ್ಕಿನ ಪೇಲೋಡ್. ಒಂದೇ ಮಾಡೆಲ್, ಒಂದೇ ವರ್ಷದ ಎರಡು ಟ್ರಕ್ಕುಗಳಲ್ಲೂ ಈ ಸಂಖ್ಯೆ ಬೇರೆ ಇರುತ್ತದೆ. ಸನ್‌ರೂಫ್, ದೊಡ್ಡ ಚಕ್ರ, ಎಲೆಕ್ಟ್ರಿಕ್ ಮೆಟ್ಟಿಲು, ಎಲ್ಲವೂ ಪೇಲೋಡ್‌ನಿಂದಲೇ ಕಡಿತ. ಹಾಗಾಗಿ ಬ್ರೋಷರ್‌ನ ‘ಗರಿಷ್ಠ ಪೇಲೋಡ್’ ನೋಡಿ ಟ್ರಕ್ಕು ಆರಿಸಬೇಡಿ. ಕೊಳ್ಳುವ ಟ್ರಕ್ಕಿನ ಬಾಗಿಲನ್ನೇ ತೆಗೆದು, ಫೋಟೊ ಹೊಡೆದುಕೊಳ್ಳಿ.

ಈ ಟ್ರಕ್ಕಿನ ಸ್ಟಿಕ್ಕರ್ ಹೇಳಿದ್ದು: ಜಿವಿಡಬ್ಲ್ಯೂಆರ್ 10,000. ಹಿಂದಿನ ಆಕ್ಸಲ್ 6,340. ಪೇಲೋಡ್ 2,310. ಮ್ಯಾನ್ಯುಯಲ್ ಪ್ರಕಾರ ಟ್ರಕ್ಕು-ಟ್ರೇಲರ್ ಒಟ್ಟು ಮಿತಿ, ಜಿಸಿಡಬ್ಲ್ಯೂಆರ್, 24,000.

ಟ್ರೇಲರಿನ ಲೇಬಲ್ ಹೊರಗೆ, ಎಡಬದಿಯ ಮುಂಭಾಗದಲ್ಲಿ: ಜಿವಿಡಬ್ಲ್ಯೂಆರ್ 12,500, ಆಕ್ಸಲ್ ಒಂದಕ್ಕೆ 5,200, ಎರಡಕ್ಕೆ 10,400. ಆಕ್ಸಲ್‌ಗಳ ಮೊತ್ತಕ್ಕಿಂತ ಟ್ರೇಲರಿನ ಮಿತಿ 2,100 ಜಾಸ್ತಿ ಇದೆ ನೋಡಿ, ಅಚ್ಚಿನ ತಪ್ಪಲ್ಲ. ಆ 2,100 ಪೌಂಡನ್ನು ನಿಮ್ಮ ಟ್ರಕ್ಕು ಹೊರುತ್ತದೆ ಅಂತ ತಯಾರಕರು ಮೊದಲೇ ಲೆಕ್ಕ ಹಾಕಿಕೊಂಡಿದ್ದಾರೆ. ಬ್ರೋಷರ್‌ನಲ್ಲಿ ಖಾಲಿ ತೂಕ 9,800, ಖಾಲಿ ಪಿನ್ ತೂಕ 1,850.

ಕಾಗದದ ಮೇಲಿನ ಲೆಕ್ಕ

ಖಾಲಿ ಪಿನ್ ತೂಕವನ್ನು ಮರೆತುಬಿಡಿ. ನೀರು, ಬ್ಯಾಟರಿ, ಬಟ್ಟೆ, ಪಾತ್ರೆ ಏನೂ ಇಲ್ಲದ ಟ್ರೇಲರನ್ನು ಫ್ಯಾಕ್ಟರಿಯಿಂದ ಡೀಲರ್ ಹತ್ತಿರಕ್ಕೆ ಎಳೆದು ತರುವವರಿಗಷ್ಟೇ ಅದು ಉಪಯೋಗ. ಮ್ಯಾನ್ಯುಯಲ್‌ಗಳು ತುಂಬಿದ ಟ್ರೇಲರಿನ 15ರಿಂದ 25 ಶೇಕಡಾ ಪಿನ್ ಮೇಲೆ ಇರಬೇಕು ಅನ್ನುತ್ತವೆ. ಲೆಕ್ಕಕ್ಕೆ 20 ಹಿಡಿಯಿರಿ. ತುಂಬಿದ ತೂಕ 11,600 ಅಂದುಕೊಂಡರೆ ಪಿನ್ 2,320.

ಪೇಲೋಡ್ 2,310ರಲ್ಲಿ ಮೊದಲು ಕಳೆಯಬೇಕಾದ್ದು:

ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು: 460
ಸ್ಲೈಡರ್ ಹಿಚ್ (ಹಿಂದೆ-ಮುಂದೆ ಜಾರುವ ಹಿಚ್), ಅದನ್ನು ಬೆಡ್ಡಿಗೆ ಕೂರಿಸುವ ಹಳಿಗಳು, ಅಂದರೆ ರೈಲು, ಸೇರಿ: 265
ಬೆಡ್ಡಿನ ರಬ್ಬರ್ ಮ್ಯಾಟ್: 60
ಟೂಲ್ ಪೆಟ್ಟಿಗೆ, ಜಾಕ್, ಚಕ್ರದ ಅಡ್ಡಗಟ್ಟೆಗಳು: 90

ಒಟ್ಟು 875. ಪಿನ್‌ಗೆ ಉಳಿದದ್ದು 1,435. ಬೇಕಾದದ್ದು 2,320. ಇನ್ನೂ ಏನೂ ಕೊಂಡಿಲ್ಲ, ಕಾಗದದ ಮೇಲೇ 885 ಪೌಂಡ್ ಜಾಸ್ತಿ. ಫುಲ್ ಟ್ಯಾಂಕ್ ಡೀಸೆಲ್ಲಿನ ತೂಕ ಸ್ಟಿಕ್ಕರ್ ಲೆಕ್ಕದಲ್ಲಿ ಸೇರಿಯೇ ಇದೆ, ಅದನ್ನು ಮತ್ತೆ ಕಳೆಯಬೇಡಿ. ಡ್ರೈವರ್ ಸೇರಿಲ್ಲ, ಅವನನ್ನು ಕಳೆಯಲೇಬೇಕು. ಈ ಎರಡನ್ನೂ ಅದಲುಬದಲು ಮಾಡಿಕೊಳ್ಳುವವರು ಬಹಳ.

ಅದೇ ಹೊತ್ತಿಗೆ ಒಟ್ಟು ಮಿತಿ ನೋಡಿದರೆ 20,200ರ ಹತ್ತಿರ, 24,000ದ ಒಳಗೆ ಆರಾಮಾಗಿ. ಡೀಲರ್ ತೋರಿಸಿದ್ದು ಇದನ್ನೇ.

ಡೀಸೆಲ್ ಮುಕ್ಕಾಲು ಟನ್ ಟ್ರಕ್ಕುಗಳಿಗೇ ಈ ಪಾಡು ಯಾಕೆ? ಅಮೆರಿಕದಲ್ಲಿ 8,501ರಿಂದ 10,000 ಪೌಂಡಿನವರೆಗಿನ ವಾಹನಗಳು ಕ್ಲಾಸ್ 2ಬಿ. 10,001 ಆದರೆ ಕ್ಲಾಸ್ 3, ವ್ಯಾಪಾರಕ್ಕೆ ಓಡಿಸುವವರಿಗೆ ಹೆಚ್ಚಿನ ನಿಯಮಗಳು ಶುರು. ಹಾಗಾಗಿ ಮುಕ್ಕಾಲು ಟನ್ ಟ್ರಕ್ಕುಗಳ ಮಿತಿ 10,000ಕ್ಕೆ ಬಂದು ನಿಲ್ಲುವುದು ಸಾಮಾನ್ಯ. ಆ ಮುಚ್ಚಳದ ಕೆಳಗೆ ಪೆಟ್ರೋಲ್ ಎಂಜಿನ್ನಿಗಿಂತ ನೂರಾರು ಪೌಂಡ್ ಭಾರದ ಡೀಸೆಲ್ ಎಂಜಿನ್ ಕೂರಿಸಿದರೆ ಅಷ್ಟೂ ಪೇಲೋಡ್‌ನಿಂದಲೇ ಹೋಗಬೇಕು. ಎಳೆಯಲು ಡೀಸೆಲ್ ಬೇಕು ಅಂತ ಹೋದವರಿಗೆ ಹೊರುವ ಶಕ್ತಿ ಕಮ್ಮಿಯಾಗಿ ಸಿಗುತ್ತದೆ.

ಸ್ಕೇಲಿನ ಮೇಲೆ

ಕಾಗದದ ಲೆಕ್ಕ ಅಂದಾಜು, ಸ್ಕೇಲಿನ ಚೀಟಿ ಸಾಕ್ಷಿ. ಹೆದ್ದಾರಿ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಇರುತ್ತದೆ. ಒಂದೇ ಒಟ್ಟು ತೂಕ ಕೊಡುವ ನಮ್ಮೂರ ವೇಬ್ರಿಡ್ಜ್ ಥರ ಅಲ್ಲ. ಒಂದರ ಹಿಂದೆ ಒಂದು ಬೇರೆ ಬೇರೆ ತೂಗುವ ಹಲಗೆಗಳಿದ್ದು, ಚೀಟಿಯಲ್ಲಿ ಮೂರು ತೂಕ ಬೇರೆ ಬೇರೆಯಾಗಿ ಬರುತ್ತದೆ. ಮುಂದಿನ ಆಕ್ಸಲ್ ಮೊದಲ ಹಲಗೆ ಮೇಲೆ, ಹಿಂದಿನ ಆಕ್ಸಲ್ ಎರಡನೆಯದರ ಮೇಲೆ, ಟ್ರೇಲರಿನ ಎರಡೂ ಆಕ್ಸಲ್ ಮೂರನೆಯದರ ಮೇಲೆ. ಹಲಗೆಗಳ ನಡುವಿನ ಸಂದು ಕನ್ನಡಿಯಲ್ಲಿ ಕಾಣುವುದಿಲ್ಲ, ಒಬ್ಬರು ಇಳಿದು ನೋಡಿ ಹೇಳಲಿ. ತೂಗುವಾಗ ಮತ್ತೆ ಒಳಗೆ ಕೂರಲಿ, ಅವರ ತೂಕವೂ ಲೆಕ್ಕಕ್ಕೆ ಸೇರಬೇಕು. ನಮೂದಿಸುವುದು 20 ಪೌಂಡಿನ ಹೆಜ್ಜೆಯಲ್ಲಿ.

ಒಂದು ಚೀಟಿ ಸಾಲದು, ಎರಡು ಬೇಕು. ಮೊದಲನೆಯದು ಟ್ರೇಲರ್ ಕಟ್ಟಿಕೊಂಡು. ಆಮೇಲೆ ಪಕ್ಕದ ಜಾಗದಲ್ಲಿ ಟ್ರೇಲರ್ ಇಳಿಸಿ, ಅದೇ ಜನ, ಅದೇ ಸಾಮಾನು, ಅದೇ ಡೀಸೆಲ್ ಇಟ್ಟುಕೊಂಡು ಟ್ರಕ್ಕೊಂದನ್ನೇ. 24 ಗಂಟೆಯೊಳಗಿನ ಎರಡನೇ ತೂಕಕ್ಕೆ ಕಮ್ಮಿ ದುಡ್ಡು. ನಡುವೆ ಡೀಸೆಲ್ ಹಾಕಿಸಬೇಡಿ, ಹಾಕಿಸಿದರೆ ಎರಡು ಚೀಟಿಗಳ ವ್ಯತ್ಯಾಸಕ್ಕೆ ಅರ್ಥವೇ ಉಳಿಯುವುದಿಲ್ಲ.

ಕಟ್ಟಿಕೊಂಡಾಗ: ಮುಂದೆ 4,760, ಹಿಂದೆ 6,160, ಟ್ರೇಲರ್ ಆಕ್ಸಲ್ 9,300, ಒಟ್ಟು 20,220.
ಟ್ರಕ್ಕೊಂದೇ: ಮುಂದೆ 4,820, ಹಿಂದೆ 3,760, ಒಟ್ಟು 8,580.

ಕಟ್ಟಿಕೊಂಡ ಟ್ರಕ್ಕಿನ ಎರಡು ಆಕ್ಸಲ್ ಸೇರಿಸಿ 10,920. ಅದರಲ್ಲಿ 8,580 ಕಳೆದರೆ ಪಿನ್ ತೂಕ 2,340. ಒಟ್ಟು 20,220ರಲ್ಲಿ ಅದೇ 8,580 ಕಳೆದರೆ ಟ್ರೇಲರಿನ ನಿಜ ತೂಕ 11,640. ಪಿನ್ ಪಾಲು 20.1 ಶೇಕಡಾ. ಟ್ರೇಲರಿನೊಳಗೆ 1,840 ಪೌಂಡ್ ಸಾಮಾನು ತುಂಬಿದ್ದಕ್ಕೆ ಪಿನ್ 490 ಏರಿದೆ, ಅಂದರೆ ತುಂಬಿದ್ದರಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಪಿನ್ ಮೇಲೆ ಬಂತು. ದೊಡ್ಡ ಡಿಕ್ಕಿ, ಬ್ಯಾಟರಿ, ಗ್ಯಾಸ್ ಸಿಲಿಂಡರ್ ಎಲ್ಲ ಮುಂಭಾಗದಲ್ಲೇ ಇರುವುದೇ ಕಾರಣ.

ಈಗ ಮಿತಿಗಳ ಪಕ್ಕ ಇಟ್ಟು ನೋಡಿ. ಹಿಂದಿನ ಆಕ್ಸಲ್ 6,160, ಮಿತಿ 6,340: 180 ಉಳಿದಿದೆ. ಟ್ರೇಲರ್ ಆಕ್ಸಲ್ 9,300, ಮಿತಿ 10,400: ಸರಿ. ಟ್ರೇಲರ್ 11,640, ಮಿತಿ 12,500: ಸರಿ. ಜಿವಿಡಬ್ಲ್ಯೂಆರ್ 10,920, ಮಿತಿ 10,000: 920 ಮೀರಿದೆ.

‘ಆಕ್ಸಲ್ ಸರಿಯಿದ್ದರೆ ಸಾಕು, 10,000 ಬರೀ ಸರ್ಕಾರಿ ಸಂಖ್ಯೆ’ ಎಂಬ ವಾದ ಇಲ್ಲೇ ಹುಟ್ಟುವುದು. ಅರ್ಧ ನಿಜ. ಆ ಗೆರೆ ಅಲ್ಲೇ ಬಿದ್ದದ್ದಕ್ಕೆ ವರ್ಗೀಕರಣವೂ ಕಾರಣ ಅನ್ನುವುದನ್ನು ಮೇಲೆಯೇ ಹೇಳಿದೆ. ಆದರೂ ತಯಾರಕರು ಆ ಟ್ರಕ್ಕಿನ ಬ್ರೇಕು, ಫ್ರೇಮು, ಸಸ್ಪೆನ್ಶನ್‌ಗೆ ಜವಾಬ್ದಾರಿ ಹೊತ್ತಿರುವುದು 10,000ದವರೆಗೆ ಮಾತ್ರ. 100 ಪೌಂಡ್ ಮೀರಿದ್ದರೆ ಸಾಮಾನು ಇಳಿಸಿ ಅನ್ನಬಹುದು. 920 ಮೀರಿದ್ದರೆ ಟ್ರಕ್ಕೇ ತಪ್ಪು.

ಮುಂದಿನ ಆಕ್ಸಲ್ ಯಾಕೆ ಹಗುರಾಯಿತು?

ಚೀಟಿಯಲ್ಲಿ ಇನ್ನೊಂದು ವಿಷಯ ಇದೆ. ಟ್ರೇಲರ್ ಕಟ್ಟಿದ ಮೇಲೆ ಮುಂದಿನ ಆಕ್ಸಲ್ 4,820ರಿಂದ 4,760ಕ್ಕೆ ಇಳಿದಿದೆ. ಸರಿಯಾಗಿ ಕೂರಿಸಿದ ಫಿಫ್ತ್ ವೀಲ್ ಹಿಚ್‌ನಲ್ಲಿ ಹೀಗಾಗಬಾರದು. ಪಿನ್ ಹಿಂದಿನ ಆಕ್ಸಲ್‌ನ ನೆತ್ತಿಯ ಮೇಲೆ ಅಥವಾ ಒಂದೆರಡು ಇಂಚು ಮುಂದೆ ಇದ್ದರೆ ಮುಂದಿನ ಆಕ್ಸಲ್ ತೂಕ ಹಾಗೇ ಇರಬೇಕು ಇಲ್ಲವೇ ತುಸು ಏರಬೇಕು. ಇಳಿದಿದೆ ಅಂದರೆ ಪಿನ್ ಆಕ್ಸಲ್‌ನ ಹಿಂದೆ ಇದೆ.

ಎಷ್ಟು ಹಿಂದೆ ಅನ್ನುವುದನ್ನು ಟೇಪು ಹಿಡಿಯದೆಯೇ ತೆಗೆಯಬಹುದು: ಮುಂದೆ ಕಮ್ಮಿಯಾದ ತೂಕವನ್ನು ವೀಲ್‌ಬೇಸ್‌ನಿಂದ (ಟ್ರಕ್ಕಿನ ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವಿನ ದೂರ) ಗುಣಿಸಿ, ಪಿನ್ ತೂಕದಿಂದ ಭಾಗಿಸಿ. ವೀಲ್‌ಬೇಸ್ 160 ಇಂಚು. 60 × 160 ÷ 2,340 = 4.1 ಇಂಚು. ಸ್ಕೇಲು 20ರ ಹೆಜ್ಜೆಯಲ್ಲಿ ತೋರಿಸುವುದರಿಂದ ಇಂಚು-ಒಂದೂವರೆ ಇಂಚು ಆಚೀಚೆ ಇರಬಹುದು.

ಗಿಡ್ಡ ಬೆಡ್ಡಿನಲ್ಲಿ ಮೊದಲು ನೋಡಬೇಕಾದ್ದು ಸ್ಲೈಡರ್. ಹಿಂದಕ್ಕೆ ಹೋಗುವಾಗ, ತಿರುಗಿಸುವಾಗ ಟ್ರೇಲರಿನ ಮೂಗು ಕ್ಯಾಬಿನ ಹಿಂಗಾಜಿಗೆ ತಾಗದಿರಲಿ ಅಂತ ಸ್ಲೈಡರ್ ಹಿಚ್ಚನ್ನು ಹಿಂದಕ್ಕೆ ಸರಿಸುತ್ತದೆ. ಕೆಲಸ ಮುಗಿದ ಮೇಲೆ ಅದು ಮುಂದಿನ ಜಾಗಕ್ಕೆ ಬಂದು ಬೀಗ ಬಿದ್ದಿರಬೇಕು. ಬಿದ್ದಿರದಿದ್ದರೆ ಲೆಕ್ಕದಲ್ಲಿ ಹತ್ತಿಂಚಿಗೂ ಹೆಚ್ಚು ಬರುತ್ತಿತ್ತು. ಇಲ್ಲಿ ಬಂದದ್ದು ನಾಲ್ಕು, ಆದ್ದರಿಂದ ತಪ್ಪು ಸ್ಲೈಡರಿನದಲ್ಲ, ಹಿಚ್ಚಿನ ಕಾಲುಗಳು ರೈಲಿನಲ್ಲಿ ಕೂತಿರುವ ಜಾಗದ್ದು. ಕಾಲುಗಳನ್ನು ರೈಲಿನ ಮುಂದಿನ ಕಿಂಡಿಗೆ ಸರಿಸಿ, ಕಾಲುಗಳನ್ನು ಹಿಡಿಯುವ ಗೂಟಗಳಿಗೆ ಕ್ಲಿಪ್ ಹಾಕಿದ್ದಾಯಿತು. ಮತ್ತೆ ತೂಗಿದಾಗ ಮುಂದೆ 4,840, ಹಿಂದೆ 6,080. ಈಗ ಪಿನ್ ಆಕ್ಸಲ್‌ಗಿಂತ ಒಂದಿಂಚು ಚಿಲ್ಲರೆ ಮುಂದಿದೆ. ಹಿಂದಿನ ಆಕ್ಸಲ್‌ಗೂ 80 ಪೌಂಡ್ ಇಳಿಯಿತು. ಸರಿಸಿದ ಮೇಲೆ ಕ್ಯಾಬಿಗೂ ಟ್ರೇಲರಿನ ಮೂಲೆಗೂ ಇರುವ ಸಂದನ್ನು ಖಾಲಿ ಮೈದಾನದಲ್ಲಿ, ಒಬ್ಬರು ಹೊರಗೆ ನಿಂತು ನೋಡುತ್ತಿರುವಾಗ, ನಿಧಾನವಾಗಿ ತಿರುಗಿಸಿಯೇ ಖಾತ್ರಿ ಮಾಡಿಕೊಳ್ಳಬೇಕು.

ಇಳಿಸಬಹುದಾದದ್ದು, ಇಳಿಸಲಾಗದ್ದು

ಟ್ರೇಲರಿನೊಳಗೆ ಸಾಮಾನು ಸರಿಸುವುದು ಎತ್ತಿನ ಗಾಡಿಗೆ ಹುಲ್ಲು ಹೇರಿದಂತೆಯೇ: ಮುಂಭಾರವಾದರೆ ಎತ್ತಿನ ಹೆಗಲಿಗೆ ಕಷ್ಟ, ಹಿಂಭಾರವಾದರೆ ನೊಗವೇ ಮೇಲೇಳುತ್ತದೆ. ಪಿನ್‌ನಿಂದ ಎರಡಡಿ ಹಿಂದೆ, ಮುಂದಿನ ಡಿಕ್ಕಿಯಲ್ಲಿದ್ದ 140 ಪೌಂಡ್ (ಮಡಚುವ ಕುರ್ಚಿ, ಹೊರಗಿನ ಒಲೆ, ಹೋಸ್ ಪೈಪುಗಳು) ಆಕ್ಸಲ್ ಮೇಲಿನ ಡಿಕ್ಕಿಗೆ ಹೋಯಿತು. ಸರಿಸಿದ ದೂರ 20 ಅಡಿ: 140 × 20 ÷ 22 = 127. ಅಷ್ಟು ಪಿನ್‌ನಿಂದ ಇಳಿಯಬೇಕು. ಚೀಟಿಯಲ್ಲಿ ಇಳಿದದ್ದು 120, 20ರ ಹೆಜ್ಜೆಗೆ ಇದು ಸರಿಯೇ. ಪಿನ್ ಈಗ 2,220, ಟ್ರೇಲರಿನ 19 ಶೇಕಡಾ.

ಈ ದಾರಿಯಲ್ಲಿ ತುಂಬಾ ದೂರ ಹೋಗಬಾರದು. ಪಿನ್ 15 ಶೇಕಡಾಕ್ಕಿಂತ ಕೆಳಗಿಳಿದರೆ ಟ್ರೇಲರ್ ಬಾಲ ಆಡಿಸಲು ಶುರು ಮಾಡುತ್ತದೆ. ಟ್ರಕ್ಕಿನ ಲೆಕ್ಕ ಸರಿ ಮಾಡಲು ಹೋಗಿ ಟ್ರೇಲರನ್ನು ಕೆಡಿಸಿದ ಹಾಗಾಗುತ್ತದೆ.

ನೀರು: ಅಮೆರಿಕದ ಗ್ಯಾಲನ್ನಿಗೆ 8.34 ಪೌಂಡ್. 60 ಗ್ಯಾಲನ್ ಟ್ಯಾಂಕ್ ತುಂಬಿದರೆ 500 ಪೌಂಡ್. ಆದರೆ ಅದು ಪಿನ್ ಮೇಲೆ ಎಷ್ಟು ಬೀಳುತ್ತದೆ ಅನ್ನುವುದು ಟ್ಯಾಂಕ್ ಇರುವ ಜಾಗದ ಮೇಲೆ. ಆಕ್ಸಲ್‌ಗಿಂತ ಮೂರಡಿ ಮುಂದಿದ್ದರೆ 68 ಪೌಂಡ್ ಏರುತ್ತದೆ, ಮೂರಡಿ ಹಿಂದಿದ್ದರೆ ಅಷ್ಟೇ ಇಳಿಯುತ್ತದೆ. ಕೊಳಕು ನೀರಿನ ಟ್ಯಾಂಕುಗಳಿಗೂ ಇದೇ ಲೆಕ್ಕ. ತುಂಬಿದ ಟ್ಯಾಂಕಿನೊಂದಿಗೆ ಊರು ಬಿಡುವವರು ತುಂಬಿಸಿಕೊಂಡೇ ತೂಗಬೇಕು.

ಹಿಚ್: 265 ಪೌಂಡಿನ ಸ್ಲೈಡರ್ ಬದಲು ಗೂಸ್‌ನೆಕ್ ಗುಂಡಿನ (ಬೆಡ್ಡಿನ ನೆಲದಲ್ಲಿ ಕೂರಿಸುವ ಕಬ್ಬಿಣದ ಚೆಂಡು) ಮೇಲೆ ಕೂರುವ, 40 ಪೌಂಡೂ ಇಲ್ಲದ ಅಲ್ಯುಮಿನಿಯಂ ಹಿಚ್‌ಗಳು ಸಿಗುತ್ತವೆ. 200ಕ್ಕೂ ಹೆಚ್ಚು ಉಳಿತಾಯ, ಆದರೆ ಸ್ಲೈಡರ್ ಹೋಯಿತು. ಗಿಡ್ಡ ಬೆಡ್ಡಿನಲ್ಲಿ ಹಿಂಗಾಜು ಒಡೆಯುವ ಭಯ ತಾನಾಗಿ ಬರುತ್ತದೆ. ಕಿಂಗ್‌ಪಿನ್‌ಗೆ ಉದ್ದನೆಯ ಕೊಳವೆ ಸಿಕ್ಕಿಸಿ ಗೂಸ್‌ನೆಕ್ ಮಾಡುವ ಅಡಾಪ್ಟರ್ ಬೇರೆಯೇ ಸಂಗತಿ. ಅದು ಸನ್ನೆಗೋಲಿನ ಹಾಗೆ ಟ್ರೇಲರಿನ ಫ್ರೇಮನ್ನು ತಿರುಚುತ್ತದೆ. ಫ್ರೇಮ್ ತಯಾರಕರು ವಾರಂಟಿಯಲ್ಲಿ ಒಪ್ಪುತ್ತಾರೆಯೇ ಅಂತ ಓದದೆ ಹಾಕಬಾರದು.

ಏರ್‌ಬ್ಯಾಗ್, ಹೆಚ್ಚುವರಿ ಲೀಫ್ ಸ್ಪ್ರಿಂಗ್: ಕುಗ್ಗಿದ ಬಾಲವನ್ನು ಮೇಲೆತ್ತುತ್ತವೆ, ಅಷ್ಟೇ. ಬಾಗಿಲಿನ ಸ್ಟಿಕ್ಕರ್ ಬದಲಾಗುವುದಿಲ್ಲ, ಬ್ರೇಕು ದೊಡ್ಡದಾಗುವುದಿಲ್ಲ, ಅವುಗಳ ಸ್ವಂತ ತೂಕವೂ ಪೇಲೋಡ್‌ನಿಂದಲೇ ಹೋಗುತ್ತದೆ.

ಎಲ್ಲ ಸೇರಿಸಿದರೂ, ಹಗುರ ಹಿಚ್ಚನ್ನೂ ಹಿಡಿದು, 920ರಲ್ಲಿ ಮುನ್ನೂರೈವತ್ತರ ಮೇಲೆ ಇಳಿಯುವುದಿಲ್ಲ. ಅದೇ ಟ್ರಕ್ಕಿನ ಪೆಟ್ರೋಲ್ ಎಂಜಿನ್ ಮಾದರಿ ಆಗಿದ್ದಿದ್ದರೆ ಹೆಚ್ಚುಕಮ್ಮಿ ದಡ ಸೇರುತ್ತಿತ್ತು, ಬೆಟ್ಟದ ದಾರಿಯಲ್ಲಿ ಉಸಿರು ಕಟ್ಟಿಕೊಂಡು.

ಒಂದು ಟನ್ನಿಗೆ

ಬದಲಿ ಟ್ರಕ್ಕು ಅದೇ ಎಂಜಿನ್, ಅದೇ ಕ್ಯಾಬು, ಅದೇ ಬೆಡ್ಡು, ಹಿಂದೆ ಬದಿಗೊಂದೇ ಚಕ್ರದ ಒಂದು ಟನ್ ವರ್ಗದ್ದು. ಜಿವಿಡಬ್ಲ್ಯೂಆರ್ 11,800, ಹಿಂದಿನ ಆಕ್ಸಲ್ 7,000. 10,000 ದಾಟಿದ ವಾಹನಗಳಿಗೆ ಹಳದಿ ಸ್ಟಿಕ್ಕರ್ ಕಡ್ಡಾಯವಿಲ್ಲ. ಆ ಸಾಲು ಕಾಣದಿದ್ದರೆ ಜಿವಿಡಬ್ಲ್ಯೂಆರ್‌ನಿಂದ ತೂಗಿದ ತೂಕ ಕಳೆಯುವುದೇ ದಾರಿ. ಜನ, ಹಿಚ್, ಸಾಮಾನು ಸೇರಿ ತೂಗಿದ್ದು 8,640. ಪಿನ್‌ಗೆ ಉಳಿದದ್ದು 3,160, ಬೇಕಾದದ್ದು 2,220. 940 ಪೌಂಡ್ ಮಿಕ್ಕಿದೆ. ಟ್ರೇಲರ್ ಆಕ್ಸಲ್‌ಗಳ ಮೇಲೆ ಈಗ 9,420, ಮಿತಿ 10,400. ಟ್ರಕ್ಕು-ಟ್ರೇಲರ್ ಒಟ್ಟು 20,280. ಡ್ಯುಯಲಿ, ಅಂದರೆ ಹಿಂದೆ ನಾಲ್ಕು ಚಕ್ರದ್ದು, ಈ ಟ್ರೇಲರಿಗೆ ಬೇಕಿಲ್ಲ. ಪಿನ್ 3,000 ದಾಟುವ ಟ್ರೇಲರಾದರೆ ಡ್ಯುಯಲಿ ಬಿಟ್ಟು ಬೇರೆ ಯೋಚನೆ ಮಾಡುವುದೇ ಬೇಡ.

ಟೈರು ಮರೆಯುವಂತಿಲ್ಲ. ಟ್ರಕ್ಕಿನ ಎಲ್‌ಟಿ275/70ಆರ್18 ಲೋಡ್ ರೇಂಜ್ ಇ ಟೈರು 80 ಪಿಎಸ್‌ಐ ಗಾಳಿಯಲ್ಲಿ ಒಂದಕ್ಕೆ 3,640 ಹೊರುತ್ತದೆ, ಎರಡಕ್ಕೆ 7,280, ಆಕ್ಸಲ್ ಮಿತಿಗಿಂತ ಮೇಲೆ. ಟ್ರೇಲರಿನ ಎಸ್‌ಟಿ225/75ಆರ್15 ಇ ಟೈರು (ಎಸ್‌ಟಿ ಅಂದರೆ ಟ್ರೇಲರಿಗೆಂದೇ ಮಾಡಿದ್ದು) 80 ಪಿಎಸ್‌ಐನಲ್ಲಿ 2,830, ನಾಲ್ಕಕ್ಕೆ 11,320. ಕಾಗದದ ಮೇಲೆ ಸಾಕು. ಆದರೆ ಅಡುಗೆಮನೆ, ಫ್ರಿಜ್ ಎರಡೂ ಒಂದೇ ಬದಿಯ ಸ್ಲೈಡ್‌ನಲ್ಲಿದ್ದರೆ (ನಿಲ್ಲಿಸಿದಾಗ ಹೊರಕ್ಕೆ ಚಾಚುವ ಗೋಡೆಭಾಗ) ಆ ಬದಿಯ ಟೈರು ಹೆಚ್ಚು ಹೊರುತ್ತಿರುತ್ತದೆ, ಕ್ಯಾಟ್ ಚೀಟಿ ಅದನ್ನು ತೋರಿಸುವುದಿಲ್ಲ. ಎಸ್ಕೇಪೀಸ್ ಆರ್‌ವಿ ಕ್ಲಬ್ಬಿನ ಸ್ಮಾರ್ಟ್‌ವೇ ಕೇಂದ್ರಗಳಲ್ಲಿ ಒಂದೊಂದು ಚಕ್ರವನ್ನೂ ಬೇರೆಯಾಗಿ ತೂಗುತ್ತಾರೆ. ಗಾಳಿ ಬೆಳಿಗ್ಗೆ, ಟೈರು ತಣ್ಣಗಿರುವಾಗ ನೋಡಿ. ಓಡಿ ಬಿಸಿಯಾದ ಮೇಲೆ ಏರಿದ ಒತ್ತಡವನ್ನು ಬಿಡಬೇಡಿ. ಬೇರೆ ಗುರುತಿಲ್ಲದ ಎಸ್‌ಟಿ ಟೈರಿಗೆ ವೇಗದ ಮಿತಿ ಗಂಟೆಗೆ 65 ಮೈಲಿ.

ಹೊಸ ಟ್ರಕ್ಕಿನ ಬೆಡ್ಡು ಎತ್ತರವಿದ್ದರೆ ಟ್ರೇಲರಿನ ಮೂಗು ಮೇಲಾಗಿ ಅದರ ಹಿಂದಿನ ಆಕ್ಸಲ್‌ಗೆ ಭಾರ ಹೆಚ್ಚುತ್ತದೆ. ಹಿಚ್ ತಲೆಯನ್ನು ಕೆಳಗಿನ ರಂಧ್ರಕ್ಕೆ ಇಳಿಸಿ, ಆದರೆ ಬೆಡ್ಡಿನ ಅಂಚಿಗೂ ಟ್ರೇಲರಿನ ಹೊಟ್ಟೆಗೂ ನಡುವೆ ಆರು ಇಂಚು ಇರಲೇಬೇಕು. ಅದಕ್ಕಿಂತ ಕಮ್ಮಿಯಾದರೆ ಪೆಟ್ರೋಲ್ ಬಂಕಿನ ಓರೆ ದಾರಿಯಲ್ಲೇ ಅಂಚು ಜಜ್ಜುತ್ತದೆ.

ಕಟ್ಟುವಾಗ

ಹಿಚ್ಚಿನ ತಟ್ಟೆ ಟ್ರೇಲರಿನ ಪಿನ್ ತಟ್ಟೆಗಿಂತ ಅರ್ಧ ಇಂಚಿನಷ್ಟು ಮೇಲಿರಬೇಕು. ಹಿಂದಕ್ಕೆ ಬರುವಾಗ ತಟ್ಟೆ ಟ್ರೇಲರನ್ನು ತುಸು ಎತ್ತಿಕೊಂಡು ಒಳಗೆ ಜಾರಬೇಕು. ಟ್ರೇಲರ್ ಎತ್ತರವಿದ್ದರೆ ಪಿನ್‌ನ ತುದಿಯಷ್ಟೇ ದವಡೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಹಿಡಿಕೆ ಮಾತ್ರ ಬೀಗ ಬಿದ್ದಂತೆ ಕಾಣುತ್ತದೆ. ಮೊದಲ ತಿರುವಿನಲ್ಲೇ ಟ್ರೇಲರ್ ಬೆಡ್ಡಿನ ಅಂಚಿನ ಮೇಲೆ ಬೀಳುತ್ತದೆ. ಟಾರ್ಚ್ ಹಾಕಿ ನೋಡಿ: ಎರಡು ತಟ್ಟೆಗಳ ನಡುವೆ ಬೆಳಕು ಕಾಣಬಾರದು, ಪಿನ್‌ನ ಸುತ್ತ ದವಡೆ ಮುಚ್ಚಿರಬೇಕು. ಬ್ರೇಕ್‌ಅವೇ ಹಗ್ಗವನ್ನು (ಟ್ರೇಲರ್ ಕಳಚಿಕೊಂಡರೆ ಅದರ ಬ್ರೇಕನ್ನು ತಾನಾಗಿ ಹಾಕಿಸುವ ಹಗ್ಗ) ಟ್ರಕ್ಕಿಗೆ ಕಟ್ಟಿ, ಹಿಚ್ಚಿನ ಹಿಡಿಕೆಗೆ ಅಲ್ಲ; ಹಿಚ್ಚೇ ಕಿತ್ತು ಟ್ರೇಲರಿನ ಜೊತೆ ಹೋದರೆ ಆ ಹಗ್ಗ ಎಳೆಯುವುದೇ ಇಲ್ಲ. ಆಮೇಲೆ ಟ್ರೇಲರಿನ ಕಾಲು ನೆಲಕ್ಕೆ ತಾಗುವಂತಿರುವಾಗಲೇ ಬ್ರೇಕ್ ಕಂಟ್ರೋಲರಿನ (ಕ್ಯಾಬಿನಿಂದ ಟ್ರೇಲರಿನ ಬ್ರೇಕ್ ಹಾಕುವ ಸಾಧನ) ಸನ್ನೆಗೋಲು ಒತ್ತಿ ಹಿಡಿದು ಟ್ರಕ್ಕನ್ನು ಮೆಲ್ಲಗೆ ಮುಂದಕ್ಕೆ ಎಳೆಯಿರಿ. ಪಿನ್ ಹಿಡಿದಿಲ್ಲವಾದರೆ ಅಲ್ಲೇ ಗೊತ್ತಾಗುತ್ತದೆ, ಟ್ರೇಲರ್ ಕಾಲಿನ ಮೇಲೇ ನಿಂತಿರುತ್ತದೆ.

ಬ್ರೇಕಿನ ಗೇನ್, ಅಂದರೆ ಟ್ರೇಲರಿನ ಬ್ರೇಕ್ ಎಷ್ಟು ಜೋರಾಗಿ ಹಿಡಿಯಬೇಕು ಅನ್ನುವುದನ್ನು, ಹೊಂದಿಸುವುದು ಒಣ, ಸಮತಟ್ಟಾದ ರಸ್ತೆಯಲ್ಲಿ, ಗಂಟೆಗೆ 20-25 ಮೈಲಿ ವೇಗದಲ್ಲಿ. ಸನ್ನೆಗೋಲು ಪೂರ್ತಿ ಒತ್ತಿದಾಗ ಟ್ರೇಲರಿನ ಚಕ್ರ ಬಿಗಿಹಿಡಿದು ಜಾರುವವರೆಗೆ ಏರಿಸಿ, ಅಲ್ಲಿಂದ ಒಂದು ಹೆಜ್ಜೆ ಇಳಿಸಿ. ಖಾಲಿ ಟ್ರೇಲರಿಗೆ ಇಟ್ಟ ಗೇನ್ ತುಂಬಿದ್ದಕ್ಕೆ ಸಾಲದು.

ಲೈಸೆನ್ಸಿನ ವಿಷಯ ರಾಜ್ಯಕ್ಕೊಂದು ಥರ. ಕ್ಯಾಲಿಫೋರ್ನಿಯಾದಲ್ಲಿ, ಬೇ ಏರಿಯಾದ ಕನ್ನಡಿಗರು ಗಮನಿಸಿ, ಟ್ರೇಲರಿನ ಜಿವಿಡಬ್ಲ್ಯೂಆರ್ 10,000 ದಾಟಿ 15,000ದೊಳಗಿರುವ ಫಿಫ್ತ್ ವೀಲ್‌ಗೆ ಸಾಮಾನ್ಯ ಕ್ಲಾಸ್ ಸಿ ಲೈಸೆನ್ಸಿನ ಮೇಲೆ ಪ್ರತ್ಯೇಕ ಎಂಡಾರ್ಸ್‌ಮೆಂಟ್ ಬೇಕು. 15,000 ದಾಟಿದರೆ ನಾನ್-ಕಮರ್ಶಿಯಲ್ ಕ್ಲಾಸ್ ಎ. ಇಲ್ಲಿ ನೋಡುವುದು ಲೇಬಲ್ಲಿನ ಮಿತಿಯನ್ನು, ಸ್ಕೇಲಿನ ತೂಕವನ್ನಲ್ಲ. ಖಾಲಿ ಎಳೆದುಕೊಂಡು ಹೋದರೂ ಈ 12,500ರ ಟ್ರೇಲರಿಗೆ ಎಂಡಾರ್ಸ್‌ಮೆಂಟ್ ಇರಲೇಬೇಕು. ಟೆಕ್ಸಾಸ್‌ನಲ್ಲಿ ಗೆರೆ ಬೇರೆ: ಟ್ರಕ್ಕು-ಟ್ರೇಲರ್ ಒಟ್ಟು ರೇಟಿಂಗ್ 26,000 ದಾಟಿ, ಟ್ರೇಲರಿನದು 10,000 ದಾಟಿದ್ದರೆ ಅಲ್ಲಿಯ ನಾನ್-ಕಮರ್ಶಿಯಲ್ ಕ್ಲಾಸ್ ಎ. ಒಂದು ಟನ್ ಟ್ರಕ್ಕಿನ 11,800, ಟ್ರೇಲರಿನ 12,500, ಎರಡೂ ಲೇಬಲ್ಲು ಸೇರಿಸಿದರೆ 24,300 ಆಗುವ ಈ ಜೋಡಿಗೆ ಅದು ಬೇಕಾಗುವುದಿಲ್ಲ.